ಆಟದ ಅಂಗಳ: ಭದ್ರತೆ ಶುರುವಾಗುವುದು ನೆಲದಿಂದ

ಬಣ್ಣದ ಜಾರುಬಂಡಿ, ಎತ್ತರದ ಉಯ್ಯಾಲೆ ತಂದು ನಿಲ್ಲಿಸಿದ ಮಾತ್ರಕ್ಕೆ ಮಕ್ಕಳ ಆಟದ ಅಂಗಳ ಸಿದ್ಧವಾಗುವುದಿಲ್ಲ. ಕೆಳಗಿನ ನೆಲ, ಸುತ್ತಲಿನ ಜಾಗ, ನಿಯಮಿತ ತಪಾಸಣೆ ಈ ಮೂರನ್ನೂ ಮರೆತರೆ ಎಷ್ಟೇ ದುಬಾರಿ ಸಲಕರಣೆಯಾದರೂ ಅದು ಅಪಾಯಕ್ಕೇ ದಾರಿ.

ಶಾಲೆಗೆ ದಾನಿಯೊಬ್ಬರು ದೊರೆತರೆ, ಬಡಾವಣೆಯ ಉದ್ಯಾನಕ್ಕೆ ಅನುದಾನ ಬಂದರೆ ಮೊದಲು ಕಾಣಿಸಿಕೊಳ್ಳುವುದು ಕೆಂಪು, ಹಳದಿ, ನೀಲಿ ಬಣ್ಣದ ಜಾರುಬಂಡಿ. ಅದರ ಪಕ್ಕದಲ್ಲಿ ಎರಡು ಉಯ್ಯಾಲೆ, ಒಂದು ಸೀಸಾ, ಒಂದು ತಿರುಗುವ ಚಕ್ರ. ಉದ್ಘಾಟನೆ ಆಗುತ್ತದೆ, ಫೋಟೊ ತೆಗೆಯುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಬದಲಾಗಿರುತ್ತದೆ. ಉಯ್ಯಾಲೆಯ ಹಲಗೆ ಮಾಯವಾಗಿ, ಬರಿಯ ಸರಪಳಿ ಕಂಬಕ್ಕೆ ಸುತ್ತಿಕೊಂಡಿರುತ್ತದೆ. ಜಾರುಬಂಡಿಯ ಬುಡದಲ್ಲಿ ಗುಂಡಿ ಬಿದ್ದು ನೀರು ನಿಂತಿರುತ್ತದೆ. ಸೀಸಾದ ಹಿಡಿ ಮುರಿದು ಕಬ್ಬಿಣದ ಚೂಪು ಹೊರಗೆ ಚಾಚಿರುತ್ತದೆ. ಕೊನೆಗೆ ಯಾವುದಾದರೂ ಮಗುವಿನ ಕೈ ಮುರಿದ ಮೇಲೆ ಗೇಟಿಗೆ ಬೀಗ ಬೀಳುತ್ತದೆ.

ಇದರಲ್ಲಿ ನಷ್ಟ ಎರಡು ಬಗೆಯದು. ಒಂದು, ಮಗುವಿನ ನೋವು. ಇನ್ನೊಂದು, ಊರಿನ ಉಳಿದೆಲ್ಲ ಮಕ್ಕಳ ಆಟ. ಇವೆರಡನ್ನೂ ತಪ್ಪಿಸಲು ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿರುವ ಬಲ, ಚಲನೆ, ತುಕ್ಕು, ಶಾಖದ ಪಾಠಗಳು ಸಾಕು. ಅವುಗಳ ಜೊತೆಗೆ ಒಂದು ಅಳತೆ ಟೇಪು, ಒಂದು ಸ್ಪ್ಯಾನರು.

ಬೀಳುವ ವೇಗ, ನಿಲ್ಲುವ ದೂರ

ಆಡುವ ಮಗು ಬೀಳುವುದು ಸಹಜ. ಬಿದ್ದಾಗ ಏನಾಗುತ್ತದೆ ಎಂಬುದು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ. ಎಷ್ಟು ಎತ್ತರದಿಂದ ಬಿತ್ತು ಎಂಬುದು ಮೊದಲನೆಯದು. ನೆಲ ಮುಟ್ಟಿದ ಮೇಲೆ ಎಷ್ಟು ದೂರದಲ್ಲಿ ನಿಂತಿತು ಎಂಬುದು ಎರಡನೆಯದು.

ಒಂದು ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ತಲಪುವಾಗ ಅದರ ವೇಗ ಗಂಟೆಗೆ ಸುಮಾರು 16 ಕಿಲೊಮೀಟರ್. ಎರಡು ಮೀಟರ್ ಎತ್ತರದಿಂದ ಬಿದ್ದರೆ ಗಂಟೆಗೆ 22 ಕಿಲೊಮೀಟರಿಗೂ ಹೆಚ್ಚು. ಮೂರು ಮೀಟರಿನಿಂದ ಬಿದ್ದರೆ 27 ಕಿಲೊಮೀಟರ್ ದಾಟುತ್ತದೆ. ಎರಡು ಮೀಟರ್ ಬೀಳಲು ಹಿಡಿಯುವ ಕಾಲ ಒಂದು ಸೆಕೆಂಡಿನ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಪಕ್ಕದ ಬೆಂಚಿನಲ್ಲಿ ಕುಳಿತ ತಾಯಿ ಎದ್ದು ಓಡುವುದಿರಲಿ, ಕೂಗುವುದಕ್ಕೂ ಸಮಯವಿರುವುದಿಲ್ಲ. 'ಹತ್ತಿರವೇ ಇದ್ದೆವಲ್ಲ' ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ಎರಡನೆಯ ಸಂಗತಿ. ಜೋರಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವ ಆಟಗಾರ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಚೆಂಡು ನಿಲ್ಲುವ ದೂರ ಹೆಚ್ಚಾದಷ್ಟೂ ಕೈಗೆ ತಗಲುವ ಪೆಟ್ಟು ಕಡಿಮೆ. ಇಲ್ಲಿಯೂ ಲೆಕ್ಕ ಅದೇ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ನಿಲ್ಲುವಾಗ ದೇಹದ ಮೇಲೆ ಬೀಳುವ ಸರಾಸರಿ ಹೊಡೆತ ಗುರುತ್ವದ ಎಷ್ಟು ಪಟ್ಟು ಎಂಬ ಅಂದಾಜು ಸಿಗುತ್ತದೆ. ಎರಡು ಮೀಟರ್ ಎತ್ತರದಿಂದ ಬಿದ್ದ ದೇಹ ಸಡಿಲ ಮರಳಿನಲ್ಲಿ 10 ಸೆಂಟಿಮೀಟರ್ ಹೂತು ನಿಂತರೆ ಹೊಡೆತ ಗುರುತ್ವದ 20 ಪಟ್ಟು. ಅದೇ ದೇಹ ಒಂದೇ ಸೆಂಟಿಮೀಟರಿನಲ್ಲಿ ನಿಂತರೆ 200 ಪಟ್ಟು. ಕಾಂಕ್ರೀಟ್ ನೆಲ ಅಷ್ಟು ಕೂಡ ತಗ್ಗುವುದಿಲ್ಲ.

ಈ 200 ಎಂಬ ಸಂಖ್ಯೆಗೆ ಮಹತ್ವವಿದೆ. ಆಟದ ಅಂಗಳದ ನೆಲವನ್ನು ಪರೀಕ್ಷಿಸುವ ಅಮೆರಿಕದ ಮಾನದಂಡದ ಪ್ರಕಾರ, ತಲೆಯ ಆಕಾರದ ಲೋಹದ ಗೋಳವನ್ನು ಸಲಕರಣೆಯ ಎತ್ತರದಿಂದ ಬೀಳಿಸಿದಾಗ ಅದರ ಮೇಲಿನ ಹೊಡೆತ ಯಾವ ಕ್ಷಣದಲ್ಲೂ ಗುರುತ್ವದ 200 ಪಟ್ಟು ಮೀರಬಾರದು. ಮೀರಿದರೆ ತಲೆಗೆ ಪ್ರಾಣಾಪಾಯದ ಪೆಟ್ಟು ಬೀಳುವ ಸಂಭವವಿದೆ ಎಂದು ಅರ್ಥ. ಅಮೆರಿಕದಲ್ಲಿ ಆಟದ ಅಂಗಳದ ಗಾಯಗಳಿಗಾಗಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾರೆ ಎಂದು ಅಲ್ಲಿನ ಸರ್ಕಾರಿ ಅಂಕಿ ಅಂಶಗಳು ಹೇಳುತ್ತವೆ. ಅವರಲ್ಲಿ ಹೆಚ್ಚಿನವರು ಸಲಕರಣೆಯಿಂದ ನೆಲಕ್ಕೆ ಬಿದ್ದವರು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 1981ರಲ್ಲಿ ಆಟದ ಅಂಗಳಗಳಿಗಾಗಿ ಕೈಪಿಡಿ ಹೊರತಂದಿತು. ಅದರ ಪರಿಷ್ಕೃತ ಆವೃತ್ತಿಗಳು ಎಲ್ಲಕ್ಕಿಂತ ಹೆಚ್ಚಿನ ಒತ್ತು ಕೊಡುವುದು ಜಾರುಬಂಡಿಗಲ್ಲ, ಅದರ ಕೆಳಗಿನ ನೆಲಕ್ಕೆ.

ಯಾವ ನೆಲ ಒಳ್ಳೆಯದು?

ಕಾಂಕ್ರೀಟ್, ಟಾರು, ಇಂಟರ್‌ಲಾಕ್ ಟೈಲ್ಸ್ ಇವು ಯಾವುವೂ ಹತ್ತುವ ಸಲಕರಣೆಯ ಕೆಳಗೆ ಇರಕೂಡದು. ತುಳಿದು ತುಳಿದು ಗಟ್ಟಿಯಾದ ಮಣ್ಣು ಮತ್ತು ಹುಲ್ಲು ಕೂಡ ನಂಬಿಕೆಗೆ ಅರ್ಹವಲ್ಲ. ಏಪ್ರಿಲ್ ತಿಂಗಳ ಕೆಮ್ಮಣ್ಣಿನ ಬಯಲಿಗೆ ಗುದ್ದಲಿ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಇತ್ತೀಚೆಗೆ ಅನೇಕ ವಸತಿ ಸಮುಚ್ಚಯಗಳಲ್ಲಿ ಕಾಂಕ್ರೀಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹುಲ್ಲಿನ ಹಾಸು ಅಂಟಿಸುತ್ತಾರೆ. ಅದು ಕಣ್ಣಿಗೆ ಮೆತ್ತಗೆ, ತಲೆಗೆ ಕಾಂಕ್ರೀಟೇ.

ಸಡಿಲವಾಗಿ ತುಂಬುವ ವಸ್ತುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮರಳು. ತೊಳೆದ, ದುಂಡು ಕಣದ ಮರಳು 23 ಸೆಂಟಿಮೀಟರ್, ಎಂದರೆ ಒಂಬತ್ತು ಇಂಚು ದಪ್ಪವಿದ್ದರೆ ಸುಮಾರು 1.2 ಮೀಟರ್ ಎತ್ತರದ ಬೀಳುವಿಕೆಗೆ ಸಾಕು ಎಂದು ಆ ಕೈಪಿಡಿ ಹೇಳುತ್ತದೆ. ಅಷ್ಟೇ ದಪ್ಪದ ಮರದ ಚಕ್ಕೆ ಅದಕ್ಕಿಂತ ಹೆಚ್ಚಿನ ಎತ್ತರದವರೆಗೆ ರಕ್ಷಣೆ ಕೊಡುತ್ತದೆ. ಆದರೆ ಮರದ ಚಕ್ಕೆ ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಬೇಗ ಕೊಳೆಯುತ್ತದೆ, ಬಯಲುಸೀಮೆಯಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ. ಆದ್ದರಿಂದ ಕರ್ನಾಟಕದ ಹೆಚ್ಚಿನ ಊರುಗಳಿಗೆ ಮರಳು ಹಾಕಿ ಸಲಕರಣೆಯ ಎತ್ತರವನ್ನು ತಗ್ಗಿಸಿಕೊಳ್ಳುವುದೇ ಜಾಣತನ. ಹಣವಿದ್ದಲ್ಲಿ ದಪ್ಪನೆಯ ರಬ್ಬರಿನ ಹಾಸು ಹಾಕಬಹುದು. ಆಗ ಎಷ್ಟು ಎತ್ತರಕ್ಕೆ ಪರೀಕ್ಷಿಸಿದ ಹಾಸು ಎಂಬುದನ್ನು ತಯಾರಕರಿಂದ ಬರಹದಲ್ಲಿ ಕೇಳಿ ಪಡೆಯಬೇಕು.

ಮರಳಿನ ಬಗ್ಗೆ ಒಂದು ಎಚ್ಚರಿಕೆ. ಹೊಳೆ ಮರಳು ದುಬಾರಿಯೆಂದು ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಸುರಿದರೆ ಉದ್ದೇಶವೇ ಕೆಡುತ್ತದೆ. ಕಲ್ಲು ಪುಡಿ ಮಾಡಿ ತಯಾರಿಸಿದ ಅದರ ಕಣಗಳು ಕೋನ ಕೋನವಾಗಿರುತ್ತವೆ, ನಡುವೆ ಸಣ್ಣ ದೂಳೂ ಇರುತ್ತದೆ. ಅವು ಒಂದರೊಳಗೊಂದು ಕಚ್ಚಿಕೊಂಡು ಬಿಗಿಯಾಗುತ್ತವೆ. ಕಾಂಕ್ರೀಟಿಗೆ ಈ ಗುಣ ಒಳ್ಳೆಯದು, ಬೀಳುವ ಮಗುವಿಗೆ ಅಲ್ಲ.

ಸಡಿಲ ವಸ್ತು ತುಳಿತಕ್ಕೆ ಕುಗ್ಗುತ್ತದೆ. ಒಂಬತ್ತು ಇಂಚು ಉಳಿಯಬೇಕಾದರೆ ಮೊದಲಿಗೆ ಹನ್ನೆರಡು ಇಂಚು ತುಂಬಬೇಕು. ಕೆಳಗೆ ಜಲ್ಲಿಯ ಪದರ, ಅದರ ಮೇಲೆ ನೀರು ಬಸಿಯುವ ಬಟ್ಟೆ, ಆಮೇಲೆ ಮರಳು. ನೀರು ಹರಿದುಹೋಗಲು ಒಂದು ಕಡೆ ಇಳಿಜಾರು. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಅದು ಕೆರೆ. ಉಯ್ಯಾಲೆಯ ಕೆಳಗೆ ಮತ್ತು ಜಾರುಬಂಡಿಯ ಬಾಯಿಯಲ್ಲಿ ಮರಳು ಕಾಲಿನಿಂದ ಚದುರುತ್ತದೆ. ಹೆಚ್ಚು ಮಕ್ಕಳು ಬೀಳುವುದೂ ಅಲ್ಲಿಯೇ. ವಾರಕ್ಕೊಮ್ಮೆ ಕುಂಟೆಯಿಂದ ಎಳೆದು ಸಮ ಮಾಡುವ ಕೆಲಸ ಯಾರದ್ದು ಎಂದು ಮೊದಲೇ ನಿಶ್ಚಯವಾಗಿರಬೇಕು.

ಉಯ್ಯಾಲೆಗೆ ಎಷ್ಟು ಜಾಗ?

ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಎಂದರೆ ಜೋಕಾಲಿ. ಬೇವಿನ ಮರಕ್ಕೋ ಹುಣಸೆಯ ಮರಕ್ಕೋ ಹಗ್ಗ ಕಟ್ಟುವ ಹಿರಿಯರು ಮೊದಲು ಕೊಂಬೆಯನ್ನು ಜಗ್ಗಿ ನೋಡುತ್ತಾರೆ, ಮುಂದೆ ಹಿಂದೆ ಯಾರೂ ಅಡ್ಡ ಬರದಂತೆ ಬಯಲು ಬಿಡುತ್ತಾರೆ. ಈ ಎರಡು ಎಚ್ಚರಗಳೇ ಕಬ್ಬಿಣದ ಉಯ್ಯಾಲೆಗೂ ಮೂಲಪಾಠ.

ಉಯ್ಯಾಲೆ ಒಂದು ಲೋಲಕ. ಎರಡು ಮೀಟರ್ ಉದ್ದದ ಸರಪಳಿಯ ಉಯ್ಯಾಲೆ ಒಮ್ಮೆ ಹೋಗಿ ಬರಲು ಸುಮಾರು 2.8 ಸೆಕೆಂಡು ಹಿಡಿಯುತ್ತದೆ. ಕುಳಿತವರು ಒಂದನೇ ತರಗತಿಯವರಾದರೂ ಹತ್ತನೇ ತರಗತಿಯವರಾದರೂ ಈ ಕಾಲ ಹೆಚ್ಚುಕಡಿಮೆ ಒಂದೇ. ಗಡಿಯಾರ ಹಿಡಿದು ಹತ್ತು ತೂಗುಗಳನ್ನು ಎಣಿಸಿ ವಿದ್ಯಾರ್ಥಿಗಳು ಇದನ್ನು ತಾವೇ ನೋಡಬಹುದು. ಆದರೆ ಸರಪಳಿಯ ಮೇಲಿನ ಸೆಳೆತ ಮಾತ್ರ ತೂಕಕ್ಕೆ ತಕ್ಕಂತೆ ಏರುತ್ತದೆ. 60 ಡಿಗ್ರಿ ಕೋನದಷ್ಟು ಎತ್ತರಕ್ಕೆ ಜೀಕಿದರೆ, ಕೆಳಗೆ ಬರುವಾಗ ಸರಪಳಿಯ ಸೆಳೆತ ಕುಳಿತವರ ತೂಕದ ಎರಡರಷ್ಟು. ಕಂಬದ ಮಟ್ಟಕ್ಕೆ ಏರಿದರೆ ಮೂರರಷ್ಟು. 70 ಕಿಲೊ ತೂಕದ ಯುವಕನೊಬ್ಬ ಸಂಜೆ ಕುಳಿತು ಜೋರಾಗಿ ಜೀಕಿದರೆ ಕೊಕ್ಕೆಗಳು 200 ಕಿಲೊಗೂ ಹೆಚ್ಚಿನ ಭಾರವನ್ನು ತಾಳಬೇಕಾಗುತ್ತದೆ. ಚಿಕ್ಕ ಮಕ್ಕಳ ಉಯ್ಯಾಲೆಯಲ್ಲಿ ದೊಡ್ಡವರು ಕುಳಿತುಕೊಳ್ಳಬಾರದು ಎಂಬ ಫಲಕದ ಹಿಂದಿರುವ ವಿಜ್ಞಾನ ಇಷ್ಟೆ.

ಸವೆತದ ಲೆಕ್ಕವೂ ಸ್ವಾರಸ್ಯಕರ. ದಿನಕ್ಕೆ ಎರಡೇ ಗಂಟೆ ಬಳಕೆಯಾದರೂ ಆ ಉಯ್ಯಾಲೆ ದಿನಕ್ಕೆ ಸುಮಾರು 2,500 ಬಾರಿ ತೂಗುತ್ತದೆ, ವರ್ಷಕ್ಕೆ ಒಂಬತ್ತು ಲಕ್ಷ ಬಾರಿ. ಪ್ರತಿ ತೂಗಿಗೂ ಕೊಕ್ಕೆ ಮತ್ತು ಬಳೆ ಒಂದನ್ನೊಂದು ಉಜ್ಜುತ್ತವೆ. ಹೊರಗಿನಿಂದ ಬಣ್ಣ ಹೊಳೆಯುತ್ತಿದ್ದರೂ ಒಳಮೈ ಅರ್ಧಕ್ಕೆ ಸವೆದಿರಬಹುದು. ಬೇರಿಂಗ್ ಇರುವ ತೂಗುಜಾಗ, ಸಣ್ಣ ಬಳೆಗಳ ಸರಪಳಿ, ಹಲಗೆಯ ಬದಲು ಬಾಗುವ ರಬ್ಬರ್ ಪಟ್ಟಿಯ ಆಸನ ಇವು ಒಳ್ಳೆಯ ಆಯ್ಕೆ. ವೇಗದಲ್ಲಿ ಬರುವ ಮರದ ಅಥವಾ ಕಬ್ಬಿಣದ ಹಲಗೆ ಅಡ್ಡ ಬಂದ ಮಗುವಿನ ಹಣೆಗೆ ತಗಲಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಜಾಗದ ಲೆಕ್ಕ ಹೀಗಿದೆ: ತೂಗುವ ಕಂಬ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಜಾಗ ಮುಂದೆ, ಅಷ್ಟೇ ಹಿಂದೆ ಖಾಲಿ ಇರಬೇಕು. 2.4 ಮೀಟರ್ ಎತ್ತರದ ಕಂಬಕ್ಕೆ ಮುಂದೆ 4.8, ಹಿಂದೆ 4.8, ಒಟ್ಟು ಹತ್ತಿರ ಹತ್ತಿರ ಹತ್ತು ಮೀಟರ್ ಬಯಲು ಬೇಕು. ಇಷ್ಟು ಜಾಗವಿಲ್ಲದ ಕಡೆ ಉಯ್ಯಾಲೆಯನ್ನು ಹಾಕದಿರುವುದೇ ಲೇಸು. ಒಂದು ಚೌಕಟ್ಟಿನಲ್ಲಿ ಎರಡಕ್ಕಿಂತ ಹೆಚ್ಚು ಉಯ್ಯಾಲೆ ಇರಬಾರದು. ಮೂರಿದ್ದರೆ ನಡುವಿನದನ್ನು ತಲಪಲು ಮಗು ಚಲಿಸುವ ಎರಡು ಉಯ್ಯಾಲೆಗಳ ನಡುವೆ ನುಗ್ಗುತ್ತದೆ. ಉಯ್ಯಾಲೆಗಳನ್ನು ಅಂಗಳದ ನಡುವೆ ನಿಲ್ಲಿಸದೆ ಒಂದು ಅಂಚಿಗೆ ಹಾಕಬೇಕು. ಉಳಿದ ಸಲಕರಣೆಗಳ ಸುತ್ತ ಕನಿಷ್ಠ 1.8 ಮೀಟರ್, ಎಂದರೆ ಆರು ಅಡಿ ಜಾಗ ತೆರವಾಗಿರಬೇಕು.

ಜಾರುಬಂಡಿಯ ಪಾಠಗಳು

ಜಾರುಬಂಡಿಯ ಸರಾಸರಿ ಇಳಿಜಾರು 30 ಡಿಗ್ರಿ ದಾಟಬಾರದು. ಕೆಳತುದಿ ಸ್ವಲ್ಪ ದೂರ ನೆಲಕ್ಕೆ ಸಮಾನಾಂತರವಾಗಿ ಹೋಗಿ ಮುಗಿಯಬೇಕು. ಆಗ ಮಗು ಕುಕ್ಕರಿಸದೆ ಕಾಲೂರಿ ನಿಲ್ಲುತ್ತದೆ. ಎರಡೂ ಬದಿಗೆ ಕನಿಷ್ಠ ನಾಲ್ಕು ಇಂಚಿನ ಅಂಚು ಬೇಕು. ಮೇಲಿನ ಅಟ್ಟಣೆಗೆ ಮಗು ಹತ್ತಲಾಗದಂಥ ನೇರ ಸರಳುಗಳ ತಡೆಯಿರಬೇಕು.

ಪೋಷಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಚಿಕ್ಕ ಮಗು ಹೆದರುತ್ತದೆಂದು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ಅನೇಕರ ರೂಢಿ. ಪ್ರೀತಿಯಿಂದ ಮಾಡುವ ಈ ಕೆಲಸದಲ್ಲೇ ಪುಟ್ಟ ಮಕ್ಕಳ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದುಂಟು. ಮಗುವಿನ ಚಪ್ಪಲಿ ಅಥವಾ ಬೂಟಿನ ರಬ್ಬರ್ ಜಾರುಬಂಡಿಯ ಅಂಚಿಗೆ ಕಚ್ಚಿಕೊಳ್ಳುತ್ತದೆ. ಮಗು ಒಂಟಿಯಾಗಿದ್ದರೆ ಅಲ್ಲಿಯೇ ನಿಲ್ಲುತ್ತಿತ್ತು. ಹಿಂದೆ ಕುಳಿತ ದೊಡ್ಡವರ ತೂಕ ಜಡತ್ವದಿಂದಾಗಿ ನಿಲ್ಲದೆ ಕೆಳಕ್ಕೆ ಎಳೆಯುತ್ತದೆ, ಸಿಕ್ಕಿಕೊಂಡ ಕಾಲು ತಿರುಚುತ್ತದೆ. ಸ್ವಂತವಾಗಿ ಜಾರಲಾಗದ ಮಗುವಿಗೆ ಆ ಜಾರುಬಂಡಿ ಇನ್ನೂ ದೊಡ್ಡದು ಎಂದು ತಿಳಿಯುವುದೇ ಸರಿ.

ಮತ್ತೆ ಬಿಸಿಲಿನ ಪ್ರಶ್ನೆ. ಲೋಹ ಶಾಖವನ್ನು ಬೇಗ ಸಾಗಿಸುವುದರಿಂದ ಬಿಸಿಲಿನಲ್ಲಿ ಕಾದ ತಗಡು ತೊಡೆಯನ್ನು ಸುಡುತ್ತದೆ. ಪ್ಲಾಸ್ಟಿಕ್ ಕೂಡ ಸುಡದೆ ಬಿಡುವುದಿಲ್ಲ. ಜಾರುಬಂಡಿಯ ಮುಖ ಉತ್ತರಕ್ಕಿರಲಿ, ಬಿಸಿಲು ಕಡಿಮೆ ತಗಲುತ್ತದೆ ಎಂಬುದು ಅಮೆರಿಕ, ಯುರೋಪಿನವರ ಸಲಹೆ. ಸೂರ್ಯ ಸದಾ ದಕ್ಷಿಣಕ್ಕೆ ಓರೆಯಾಗಿರುವ ಅವರ ನಾಡಿಗೆ ಅದು ಸರಿ. ಇಡೀ ಕರ್ನಾಟಕ ಉಷ್ಣವಲಯದಲ್ಲಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬಂದು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಸೂರ್ಯ ಉತ್ತರದ ಕಡೆಗೇ ವಾಲಿರುತ್ತಾನೆ. ಎಂದರೆ ಬೇಸಗೆ ರಜೆಯಲ್ಲಿ ಉತ್ತರಕ್ಕೆ ಮುಖ ಮಾಡಿದ ಜಾರುಬಂಡಿಯೂ ಕಾಯುತ್ತದೆ. ಇಲ್ಲಿಗೆ ಸರಿಯಾದ ಉತ್ತರ ದಿಕ್ಕಲ್ಲ, ನೆರಳು.

ನೆರಳಿಗೆ ಮರ, ಮರಕ್ಕೂ ವಿವೇಚನೆ

ಹೊಂಗೆ ಮತ್ತು ಬೇವು ಅಂಗಳದ ಮಿತ್ರರು. ನೆರಳು ದಟ್ಟ, ಬರವನ್ನೂ ತಾಳುತ್ತವೆ. ಗಿಡ ನೆಟ್ಟು ನೆರಳು ಬರಲು ವರ್ಷಗಳು ಬೇಕು. ಆದ್ದರಿಂದ ಹೊಸ ಅಂಗಳಕ್ಕೆ ಜಾಗ ಹುಡುಕುವಾಗ ಈಗಾಗಲೇ ಮರವಿರುವ ಜಾಗವನ್ನೇ ಆರಿಸಿಕೊಳ್ಳುವುದು ಲಾಭ. ಸಲಕರಣೆ ನಿಲ್ಲಿಸಲು ಮರ ಕಡಿಯುವುದು ಅವಿವೇಕ.

ತೆಂಗಿನ ಮರ ಮಾತ್ರ ಆಟದ ಜಾಗದಲ್ಲಿ ಬೇಡ. ಹದಿನೈದು ಮೀಟರ್ ಎತ್ತರದಿಂದ ಬಿದ್ದ ಕಾಯಿ ನೆಲ ತಲಪುವಾಗ ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿರುತ್ತದೆ. ಗುಲ್‌ಮೊಹರ್ ಮರದ ಕೊಂಬೆ ಗಾಳಿಮಳೆಗೆ ಸುಲಭವಾಗಿ ಮುರಿಯುತ್ತದೆ. ಬೇಲಿಯ ಅಂದಕ್ಕೆಂದು ನೆಡುವ ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಕಡೆ ಅದಕ್ಕೆ ಸ್ಥಾನವಿಲ್ಲ. ಮೂಲೆಯಲ್ಲಿ ಬೆಳೆಯುವ ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಕೀಳಬೇಕು. ಅದರಿಂದ ಚರ್ಮದ ಅಲರ್ಜಿ, ಉಬ್ಬಸ ಬರುತ್ತವೆ.

ದೇಹ ತೂರುವ, ತಲೆ ತೂರದ ಸಂದು

ಎಲ್ಲಕ್ಕಿಂತ ಕಣ್ಣಿಗೆ ಬೀಳದ ಅಪಾಯವೆಂದರೆ ಸರಳುಗಳ ನಡುವಿನ ಸಂದು. ಚಿಕ್ಕ ಮಗುವಿನ ತಲೆ ಅದರ ಮೈಗಿಂತ ದೊಡ್ಡದು. ಕಾಲು ಮುಂದಾಗಿ ನುಸುಳಿದ ಮಗುವಿನ ಮೈ ಸಂದಿನಿಂದ ಹೊರಗೆ ಜಾರಿ, ತಲೆ ಮಾತ್ರ ಸಿಕ್ಕಿಕೊಂಡರೆ ಕುತ್ತಿಗೆಗೆ ನೇಣಿನಂತಾಗುತ್ತದೆ. 9 ಸೆಂಟಿಮೀಟರಿಗಿಂತ ಕಿರಿದಾದ ಸಂದಿನಲ್ಲಿ ಮೈ ತೂರುವುದಿಲ್ಲ. 23 ಸೆಂಟಿಮೀಟರಿಗಿಂತ ಅಗಲವಾದುದರಲ್ಲಿ ತಲೆಯೂ ಸರಾಗವಾಗಿ ಹೊರಬರುತ್ತದೆ. ಈ ಎರಡು ಅಳತೆಗಳ ನಡುವಿನ ಸಂದು ಅಟ್ಟಣೆಯ ತಡೆಯಲ್ಲಾಗಲಿ, ಏಣಿಯ ಮೆಟ್ಟಿಲುಗಳ ನಡುವೆಯಾಗಲಿ ಇರಬಾರದು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸಲಕರಣೆ ಮಾಡಿಸುವವರು ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಒಂದು ಪೈಸೆಯೂ ಹೆಚ್ಚು ಖರ್ಚಾಗದು.

ಇದರ ಜೊತೆಗೇ ಉಡುಪಿನ ವಿಚಾರ. ಹೆಣ್ಣುಮಕ್ಕಳ ದುಪಟ್ಟಾ, ಟೋಪಿಯ ದಾರ, ಕೊರಳಿಗೆ ನೇತುಹಾಕುವ ಶಾಲೆಯ ಗುರುತಿನ ಚೀಟಿಯ ಪಟ್ಟಿ ಇವು ಜಾರುಬಂಡಿಯ ಮೇಲ್ತುದಿಯ ಬೋಲ್ಟಿಗೆ ಸಿಕ್ಕಿಕೊಂಡರೆ ಮಗು ಕೆಳಗೆ ಜಾರುತ್ತದೆ, ಕೊರಳು ಮೇಲೆ ಉಳಿಯುತ್ತದೆ. ಆಟಕ್ಕೆ ಹೋಗುವ ಮೊದಲು ಇವನ್ನು ತೆಗೆದಿಡುವ ಅಭ್ಯಾಸವನ್ನು ಶಾಲೆಯಲ್ಲಿಯೂ ಮನೆಯಲ್ಲಿಯೂ ಕಲಿಸಬೇಕು. ಸೈಕಲ್ಲಿನ ಹೆಲ್ಮೆಟ್ ಕೂಡ ಅಷ್ಟೆ. ಸೈಕಲ್ಲಿನ ಮೇಲೆ ಅದು ರಕ್ಷಕ, ಹತ್ತುವ ಸರಳುಗಳ ನಡುವೆ ಅದೇ ಬಂಧನ.

ತುಕ್ಕು, ಬಿಸಿಲು, ಗೆದ್ದಲು

ಅಂಗಳ ಬಾಳಿಕೆ ಬರಬೇಕಾದರೆ ಅದರ ಶತ್ರುಗಳನ್ನು ತಿಳಿಯಬೇಕು. ಕಬ್ಬಿಣ ತುಕ್ಕು ಹಿಡಿಯಲು ನೀರು, ಗಾಳಿ ಎರಡೂ ಬೇಕು. ಕಂಬ ಮಣ್ಣಿನೊಳಗೆ ಇಳಿಯುವ ಜಾಗದಲ್ಲಿ ಇವೆರಡೂ ಸದಾ ಇರುತ್ತವೆ. ಆದ್ದರಿಂದಲೇ ಕಂಬಗಳು ನಡುವೆ ಮುರಿಯದೆ ಬುಡದಲ್ಲಿ ಮುರಿಯುತ್ತವೆ. ಬುಡದ ಕಾಂಕ್ರೀಟು ಕಂಬದ ಸುತ್ತ ಗುಂಡಿಯಾಗದೆ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರಾಗಿರಬೇಕು. ಆ ಕಾಂಕ್ರೀಟು ಮರಳಿನ ಮೇಲೆ ತಲೆ ಎತ್ತಲೂ ಬಾರದು. ಪೈಪಿನ ಮೇಲ್ತುದಿಗೆ ಮುಚ್ಚಳ ಬೇಕೇ ಬೇಕು. ತೆರೆದ ಪೈಪಿನೊಳಗೆ ಮಳೆನೀರು ಇಳಿದು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ನೋಡಿದವರಿಗೆ ಅದು ಗೊತ್ತಾಗುವುದೇ ಇಲ್ಲ.

ಬರಿಯ ಕಬ್ಬಿಣಕ್ಕೆ ಬಣ್ಣ ಬಳಿಯುವುದಕ್ಕಿಂತ ಸತುವಿನ ಲೇಪವಿರುವ ಜಿ.ಐ. ಪೈಪು ಉತ್ತಮ. ಲೇಪದಲ್ಲಿ ಸಣ್ಣ ಗೀರು ಬಿದ್ದರೂ ಸತು ತಾನು ಮೊದಲು ಕ್ಷಯಿಸಿ ಕಬ್ಬಿಣವನ್ನು ಕಾಯುತ್ತದೆ. ಆದರೆ ವೆಲ್ಡಿಂಗ್ ಮಾಡಿದಲ್ಲಿ ಸತು ಸುಟ್ಟುಹೋಗುತ್ತದೆ. ಆ ಜಾಗಕ್ಕೆ ಸತುವಿನ ಬಣ್ಣ ಹಚ್ಚದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಈ ಎಚ್ಚರ ಇಮ್ಮಡಿ ಬೇಕು.

ಬಣ್ಣ ಕೊಳ್ಳುವಾಗಲೂ ನೋಡಬೇಕಾದ್ದಿದೆ. ಸೀಸ ಮಕ್ಕಳ ಮಿದುಳಿಗೆ ಹಾನಿಕರ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳಬೇಕು. ಅದಕ್ಕಿಂತ ಹಳೆಯ ಬಣ್ಣ ಪದರು ಪದರಾಗಿ ಏಳುತ್ತಿದ್ದರೆ ಮಕ್ಕಳಿಲ್ಲದ ವೇಳೆ ಒದ್ದೆ ಮಾಡಿ ಕೆರೆದು, ಚೂರುಗಳನ್ನು ಮರಳಿಗೆ ಬೀಳದಂತೆ ಬಟ್ಟೆ ಹಾಸಿ ಸಂಗ್ರಹಿಸಬೇಕು.

ಪ್ಲಾಸ್ಟಿಕ್‌ಗೆ ಬಿಸಿಲಿನ ಅತಿನೇರಳೆ ಕಿರಣ ಶತ್ರು. ಬಣ್ಣ ಬಿಳಿಚಿಕೊಂಡು ಮೇಲ್ಮೈ ಪುಡಿಯಾಗುತ್ತಿದ್ದರೆ ಅದು ಮುರಿಯುವ ಮುನ್ಸೂಚನೆ. ಫೈಬರ್ ಜಾರುಬಂಡಿಯ ಮೇಲ್ಪದರ ಸವೆದರೆ ಗಾಜಿನ ನೂಲು ಹೊರಬಂದು ಚರ್ಮಕ್ಕೆ ಚುಚ್ಚುತ್ತದೆ. ಮರವನ್ನು ಬಳಸುವವರು ಅದು ನೇರವಾಗಿ ಮಣ್ಣಿಗೆ ತಾಗದಂತೆ ಕಬ್ಬಿಣದ ಪಾದದ ಮೇಲೆ ನಿಲ್ಲಿಸಬೇಕು. ಆಗ ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಸರಳವಾದದ್ದು ಬಾಳುತ್ತದೆ

ಬಾಳಿಕೆಯ ವಿಷಯದಲ್ಲಿ ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡಾಮ್ ನಗರದ ಅನುಭವ ದೊಡ್ಡದು. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿ ಮಕ್ಕಳಿಗೆ ಆಡಲು ಜಾಗವಿರಲಿಲ್ಲ. 1947ರಲ್ಲಿ ಆಲ್ಡೊ ವಾನ್ ಐಕ್ ಎಂಬ ಯುವ ವಾಸ್ತುಶಿಲ್ಪಿ ನಗರಾಡಳಿತಕ್ಕಾಗಿ ಒಂದು ಚೌಕದಲ್ಲಿ ಆಟದ ಅಂಗಳ ರೂಪಿಸಿದರು. ಅದನ್ನು ಕಂಡ ಬೇರೆ ಬೀದಿಗಳ ನಿವಾಸಿಗಳು 'ನಮ್ಮಲ್ಲೂ ಖಾಲಿ ಜಾಗವಿದೆ' ಎಂದು ಪತ್ರ ಬರೆಯತೊಡಗಿದರು. 1978ರವರೆಗೆ ಅವರು ರೂಪಿಸಿದ ಅಂಗಳಗಳ ಸಂಖ್ಯೆ 700 ದಾಟಿತು. ಅವುಗಳಲ್ಲಿದ್ದದ್ದು ಅಗಲವಾದ ಕಟ್ಟೆಯುಳ್ಳ ಮರಳಿನ ಗುಂಡಿ, ನೆಗೆಯಲು ದುಂಡು ಕಲ್ಲುಗಳು, ಪಲ್ಟಿ ಹೊಡೆಯಲು ಉಕ್ಕಿನ ಸರಳು, ಹತ್ತಲು ಕಮಾನು. ಚಲಿಸುವ ಭಾಗ ಇಲ್ಲವೆಂದೇ ಹೇಳಬೇಕು. ಚಲಿಸದ್ದು ಸವೆಯುವುದಿಲ್ಲ, ಸವೆಯದ್ದು ಮುರಿಯುವುದಿಲ್ಲ. ಕಟ್ಟೆಯ ಮೇಲೆ ತಾಯಂದಿರು ಕೂರುತ್ತಿದ್ದರು, ಮಕ್ಕಳು ಅದೇ ಕಟ್ಟೆಯ ಮೇಲೆ ಮರಳಿನ ರೊಟ್ಟಿ ತಟ್ಟುತ್ತಿದ್ದರು.

ಕಡಿಮೆ ಹಣದ ಇನ್ನೊಂದು ದಾರಿ ಹಳೆಯ ಟಯರು. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಸಂಸ್ಥೆ ಬಳಸಿ ಬಿಟ್ಟ ಟಯರುಗಳಿಂದ ದೇಶದ ಹಲವೆಡೆ ಆಟದ ಅಂಗಳಗಳನ್ನು ಕಟ್ಟಿದೆ. ಟಯರು ಬಳಸುವಾಗ ಎರಡು ನಿಯಮ ತಪ್ಪಬಾರದು. ಸವೆದು ಒಳಗಿನ ಉಕ್ಕಿನ ತಂತಿ ಹೊರಬಂದಿರುವ ಟಯರು ಬೇಡ. ಎರಡನೆಯದಾಗಿ, ಪ್ರತಿ ಟಯರಿನ ಕೆಳಭಾಗದಲ್ಲಿ ನೀರು ಸೋರಲು ತೂತುಗಳಿರಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಟಯರಿನೊಳಗಿನ ಸ್ವಲ್ಪ ನೀರಿನಲ್ಲಿಯೇ ಒಂದು ವಾರ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಬೆಳೆದು ಹಾರುತ್ತದೆ.

ಸಾಹಸ ಬೇರೆ, ಅಪಾಯ ಬೇರೆ

ಇಷ್ಟೆಲ್ಲ ಓದಿದ ಪೋಷಕರಿಗೆ 'ಮಗುವನ್ನು ಹತ್ತಲು ಬಿಡುವುದೇ ಬೇಡ' ಅನ್ನಿಸಿದರೆ ಅದು ದೊಡ್ಡ ತಪ್ಪು. ಹತ್ತುವುದು, ನೇತಾಡುವುದು, ಜೀಕುವುದು ಬೆಳೆಯುವ ಮೈಗೆ ಮಾತ್ರವಲ್ಲ, ಬೆಳೆಯುವ ಬುದ್ಧಿಗೂ ಬೇಕು. ಮರಕೋತಿ ಆಡಿದ ಮಗು ಯಾವ ಕೊಂಬೆ ತನ್ನನ್ನು ತಾಳೀತು ಎಂಬುದನ್ನು ಕೈಯಿಂದಲೇ ಕಲಿತಿರುತ್ತದೆ.

ಸರಳುಗಳ ಗೂಡಿನಂತಿರುವ ಜಂಗಲ್ ಜಿಮ್ ಹುಟ್ಟಿದ್ದು ರೇಖಾಗಣಿತದಿಂದ ಎಂಬುದು ಕೆಲವರಿಗೇ ಗೊತ್ತು. ಚಾರ್ಲ್ಸ್ ಹೋವರ್ಡ್ ಹಿಂಟನ್ ಎಂಬ ಗಣಿತಜ್ಞ ಜಪಾನಿನಲ್ಲಿದ್ದಾಗ ತಮ್ಮ ಮಕ್ಕಳಿಗೆ ಮೂರು ಆಯಾಮಗಳ ಅರಿವು ಮೂಡಲೆಂದು ಬಿದಿರಿನ ಚೌಕಟ್ಟು ಕಟ್ಟಿದ್ದರು. ಅದರಲ್ಲಿ ಆಡಿ ಬೆಳೆದ ಅವರ ಮಗ ಸೆಬಾಸ್ಟಿಯನ್ ಹಿಂಟನ್ ಅಮೆರಿಕದಲ್ಲಿ ಅದನ್ನೇ ಉಕ್ಕಿನಲ್ಲಿ ಮಾಡಿಸಿ 1923ರಲ್ಲಿ ಪೇಟೆಂಟ್ ಪಡೆದರು.

ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕಾರ ಸೋರೆನ್‌ಸನ್, ತಾವು ರೂಪಿಸಿದ ಅಂದದ ಉದ್ಯಾನಗಳಿಗಿಂತ ಕಟ್ಟಡ ಕೆಲಸದ ಜಾಗದ ಇಟ್ಟಿಗೆ, ಹಲಗೆಗಳಲ್ಲೇ ಮಕ್ಕಳು ಹೆಚ್ಚು ಆಡುವುದನ್ನು ಗಮನಿಸಿದ್ದರು. 1943ರಲ್ಲಿ, ದೇಶ ಜರ್ಮನರ ವಶದಲ್ಲಿದ್ದ ಕಾಲದಲ್ಲಿ, ಕೋಪನ್‌ಹೇಗನ್ ಬಳಿಯ ಎಮ್‌ಡ್ರಪ್‌ನಲ್ಲಿ ಅವರ ಕಲ್ಪನೆಯ ಅಂಗಳ ತೆರೆಯಿತು. ಹಲಗೆ, ಮೊಳೆ, ಮಣ್ಣು ಕೊಟ್ಟು, ನೋಡಿಕೊಳ್ಳಲು ಹಿರಿಯರೊಬ್ಬರನ್ನು ನೇಮಿಸಿ ಮಕ್ಕಳಿಗೇ ಕಟ್ಟಲು ಬಿಟ್ಟರು. ಮುಂದೆ ಬ್ರಿಟನ್ನಿನಲ್ಲಿ ಹುಟ್ಟಿಕೊಂಡ ಸಾಹಸ ಅಂಗಳಗಳಿಗೆ ಅದೇ ಪ್ರೇರಣೆ.

ಮಗುವಿಗೆ ಕಾಣುವ ಅಪಾಯ ಸಾಹಸ. ಎತ್ತರವನ್ನು ನೋಡಿ ಅದು ತಾನೇ ಅಳೆಯುತ್ತದೆ, ಹೆದರುತ್ತದೆ, ನಾಳೆ ಇನ್ನೊಂದು ಮೆಟ್ಟಿಲು ಹತ್ತುತ್ತದೆ. ಆದರೆ ಸವೆದ ಕೊಕ್ಕೆ, ಬುಡದಲ್ಲಿ ಕೊಳೆತ ಕಂಬ, ತಲೆ ಸಿಕ್ಕುವ ಸಂದು, ಪ್ಲಾಸ್ಟಿಕ್ ಹುಲ್ಲಿನ ಕೆಳಗಿನ ಕಾಂಕ್ರೀಟು ಮಗುವಿಗೆ ಕಾಣುವುದಿಲ್ಲ. ಕಾಣದ್ದನ್ನು ತೆಗೆಯುವುದು ಹಿರಿಯರ ಕೆಲಸ. ಕಾಣುವುದನ್ನು ಮಕ್ಕಳಿಗೇ ಬಿಡಬೇಕು.

ಹೊಣೆ ಯಾರದು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಬೇಕಾದ ಸೌಲಭ್ಯಗಳ ಜೊತೆಗೆ ಆಟದ ಮೈದಾನವೂ ಸೇರಿದೆ. ಆದರೆ ಮೈದಾನ ಇದೆ ಎಂದು ಬರೆದುಕೊಂಡರೆ ಕೆಲಸ ಮುಗಿಯುವುದಿಲ್ಲ. ಸಲಕರಣೆ ಕೊಡಿಸುವ ದಾನಿಗಳು ಒಟ್ಟು ಹಣದ ಒಂದು ಪಾಲನ್ನು ಮರಳಿಗೂ ಮುಂದಿನ ವರ್ಷಗಳ ದುರಸ್ತಿಗೂ ತೆಗೆದಿರಿಸಬೇಕೆಂದು ಶಾಲೆ ಕೇಳಬೇಕು. ಐದು ಸಲಕರಣೆಗಳ ಬದಲು ಮೂರೇ ಬಂದರೂ ಚಿಂತೆಯಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾಗಲಿ, ಬಡಾವಣೆಯ ನಿವಾಸಿಗಳ ಸಂಘವಾಗಲಿ ಒಬ್ಬರ ಹೆಸರನ್ನು ತಪಾಸಣೆಗೆಂದು ಗೊತ್ತುಮಾಡಿ, ಒಂದು ನೋಟ್‌ಬುಕ್ ಇಡಬೇಕು. ತಾರೀಕು, ಕಂಡ ದೋಷ, ಸರಿಪಡಿಸಿದ ದಿನ ಈ ಮೂರು ಅಂಕಣ ಸಾಕು. ಶಾಲೆಯ ವಿಜ್ಞಾನ ಸಂಘಕ್ಕೆ ಇದಕ್ಕಿಂತ ಉಪಯುಕ್ತವಾದ ಪ್ರಾಜೆಕ್ಟ್ ಸಿಗುವುದು ಕಷ್ಟ. ಅಳೆಯುವವರು ಹತ್ತನೇ ತರಗತಿಯವರು, ಲಾಭ ಒಂದನೇ ತರಗತಿಯವರಿಗೆ.

ಹದಿನೈದು ದಿನಕ್ಕೊಮ್ಮೆ ನೋಡಬೇಕಾದ್ದು

1. ಸಲಕರಣೆಯ ಕೆಳಗಿನ ಮರಳಿನಲ್ಲಿ ಕಬ್ಬಿಣದ ಸಲಾಕೆ ಊರಿ ಅಳೆಯಿರಿ. ಒಂಬತ್ತು ಇಂಚಿಗಿಂತ ಕಡಿಮೆಯಿದ್ದರೆ ತುಂಬಿಸಿ.

2. ಮರಳಿನಲ್ಲಿ ಗಾಜಿನ ಚೂರು, ಮೊಳೆ, ನಾಯಿ ಬೆಕ್ಕುಗಳ ಹೊಲಸು ಇದೆಯೇ ನೋಡಿ ತೆಗೆಯಿರಿ. ಚಿಕ್ಕ ಮಕ್ಕಳು ಆಡುವ ಮರಳಿನ ಗುಂಡಿಯನ್ನು ರಾತ್ರಿ ಮುಚ್ಚಿಡಿ.

3. ಉಯ್ಯಾಲೆಯ ಕೊಕ್ಕೆ, ಬಳೆಗಳನ್ನು ಸರಪಳಿ ಸಡಿಲಿಸಿ ಒಳಮೈಯನ್ನು ನೋಡಿ. ಸವೆತ ಕಂಡರೆ ಆ ದಿನವೇ ಉಯ್ಯಾಲೆಯನ್ನು ಇಳಿಸಿ, ಹೊಸದು ಬರುವವರೆಗೆ ಕಟ್ಟಬೇಡಿ.

4. ಕಂಬಗಳ ಬುಡದ ಮಣ್ಣು ಸರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಪದರು ಉದುರಿದರೆ, ತಗ್ಗು ಬಿದ್ದರೆ ದುರಸ್ತಿ ಆಗುವವರೆಗೆ ಬಳಕೆ ನಿಲ್ಲಿಸಿ.

5. ಎಲ್ಲ ನಟ್ಟು ಬೋಲ್ಟುಗಳನ್ನು ಸ್ಪ್ಯಾನರಿನಿಂದ ಪರೀಕ್ಷಿಸಿ. ಎರಡು ಎಳೆಗಿಂತ ಹೆಚ್ಚು ಹೊರಚಾಚಿದ ಬೋಲ್ಟಿಗೆ ದುಂಡು ಮುಚ್ಚಳ ಹಾಕಿಸಿ.

6. ಸಂದುಗಳ ಪರೀಕ್ಷೆಗೆ 9 ಸೆಂಟಿಮೀಟರ್ ಮತ್ತು 23 ಸೆಂಟಿಮೀಟರಿನ ಎರಡು ರಟ್ಟಿನ ತುಂಡು ಕತ್ತರಿಸಿಕೊಳ್ಳಿ. ಚಿಕ್ಕದು ತೂರಿ ದೊಡ್ಡದು ತೂರದ ಜಾಗಕ್ಕೆ ಗುರುತು ಹಾಕಿ ಸರಿಪಡಿಸಿ.

7. ಬಿಸಿಲಿನ ದಿನ ಮಗುವನ್ನು ಜಾರುಬಂಡಿಗೆ ಕಳಿಸುವ ಮೊದಲು ಅಂಗೈಯ ಹಿಂಬದಿಯನ್ನು ಐದು ಸೆಕೆಂಡು ಅದರ ಮೇಲಿಡಿ. ನಿಮಗೆ ತಾಳಲಾಗದಿದ್ದರೆ ಮಗುವಿಗೂ ತಾಳಲಾಗದು.

8. ತಿರುಗುವ ಚಕ್ರದ ಕೆಳಗೆ ಕಾಲು ಸಿಕ್ಕುವಷ್ಟು ಸಂದು ಇದೆಯೇ, ಅದು ಮಿತಿಮೀರಿದ ವೇಗದಲ್ಲಿ ತಿರುಗುತ್ತದೆಯೇ ನೋಡಿ. ಅಂಚಿನ ವೇಗ ಸೆಕೆಂಡಿಗೆ 4 ಮೀಟರ್ ದಾಟಬಾರದು.

9. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಮೂಲೆ, ಬೇರೆ ಸಲಕರಣೆ ಇರಲಿ. ಹಿರಿಯರು ಕೂರುವ ಬೆಂಚಿನಿಂದ ಎರಡೂ ಕಡೆ ಕಣ್ಣಿಗೆ ಕಾಣುವಂತಿರಲಿ. ರಸ್ತೆಯ ಕಡೆಗೆ ಗೇಟು ಮುಚ್ಚಿರಲಿ.